ಫಿಜಿ ಹಳ್ಳಿಗೆ ಒಂದು ಹಗಲಿನ ನೆಂಟರು

ಬೆಳಗಿನ ಹೊತ್ತು. ಹತ್ತು ಹನ್ನೆರಡು ಅಂತಸ್ತಿನ ಬಿಳಿಯ ಹಡಗೊಂದು ಫಿಜಿ ದೇಶದ ಲೌಟೋಕ ಬಂದರಿಗೆ ಮೆಲ್ಲನೆ ಬಂದು ಒರಗುತ್ತದೆ. ಹಡಗೆಂದರೆ ಬರೀ ಹಡಗಲ್ಲ, ನೀರಿನ ಮೇಲೆ ತೇಲುವ ಪಟ್ಟಣ. ಈಜುಕೊಳ, ನಾಟಕ ಮಂದಿರ, ಹೊತ್ತುಹೊತ್ತಿಗೆ ಊಟ, ಎರಡು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು. ಅವರಲ್ಲಿ ಹೆಚ್ಚಿನವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯವರು. ಸಂಜೆಯ ಹೊತ್ತಿಗೆ ಹಡಗು ಮತ್ತೆ ಹೊರಡಬೇಕು. ಕೈಯಲ್ಲಿರುವುದು ಏಳೆಂಟು ಗಂಟೆ. ಇಷ್ಟರಲ್ಲಿ ಒಂದು ನಾಡಿನ ಏನನ್ನು ತಾನೇ ನೋಡಲಾದೀತು?

ಹಡಗಿನ ಪ್ರವಾಸಪಟ್ಟಿಯಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ಸಾಂಪ್ರದಾಯಿಕ ಹಳ್ಳಿಯ ಭೇಟಿ. ಟಿಕೆಟ್ ಕೊಂಡು ಬಸ್ಸು ಹತ್ತಿದರೆ ಆಯಿತು, ಹಳ್ಳಿ ತೋರಿಸಿ, ಕುಣಿತ ತೋರಿಸಿ, ಹೊಟ್ಟೆಗಿಷ್ಟು ಹಾಕಿ ಹಡಗಿಗೆ ಮರಳಿಸುತ್ತಾರೆ. ಹೀಗೆ ಹೊರಟವರು ತಾವು ಏನನ್ನೋ ನೋಡಲು ಹೋಗುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಆದರೆ ಹಳ್ಳಿಯ ಬಾಗಿಲಲ್ಲಿ ಮೊದಲು ನೋಡಿಸಿಕೊಳ್ಳುವವರು ಅವರೇ. ‘ಯಾರು ನೀವು? ಯಾಕೆ ಬಂದಿರಿ?’ ಎಂಬ ಪ್ರಶ್ನೆಗೆ ಉತ್ತರ ಹೇಳದೆ ಫಿಜಿಯ ಹಳ್ಳಿಯೊಳಗೆ ಕಾಲಿಡುವಂತಿಲ್ಲ.

ಸಕ್ಕರೆಯ ದಾರಿ

ಹಡಗಿನ ಮೇಲಂತಸ್ತಿನಿಂದ ಮೊದಲು ಕಾಣುವುದು ಕ್ಯಾಲೆಂಡರಿನ ತೆಂಗಿನ ತೋಪಲ್ಲ, ಸಕ್ಕರೆ ಕಾರ್ಖಾನೆಯ ಚಿಮಣಿ. 1903ರಲ್ಲಿ ಶುರುವಾದ ಈ ಕಾರ್ಖಾನೆಯಿಂದಲೇ ಲೌಟೋಕಕ್ಕೆ ‘ಸಕ್ಕರೆ ನಗರ’ವೆಂಬ ಹೆಸರು. ಕಬ್ಬು ನುರಿಸುವ ತಿಂಗಳುಗಳಲ್ಲಿ ಊರಿಗೆ ಊರೇ ಕಾಕಂಬಿಯ ವಾಸನೆಯಲ್ಲಿ ಮುಳುಗಿರುತ್ತದೆ. ಮಂಡ್ಯದವರು ಕಣ್ಣುಮುಚ್ಚಿ ಇಳಿದರೆ ತಮ್ಮೂರೇ ಎಂದುಕೊಂಡಾರು!

ಬಂದರಿನ ಹೊರಗೆ ಕಾದಿರುವ ಬಸ್ಸಿನ ಚಾಲಕ ಎಷ್ಟೋ ವೇಳೆ ಭಾರತೀಯ ಮೂಲದವನು. ಅವನ ಮುತ್ತಾತ ಗಿರಮಿಟ್ ಮೇಲೆ ಬಂದವನಿರಬಹುದು. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಮಾತು ಕೂಲಿಗಳ ಬಾಯಲ್ಲಿ ‘ಗಿರಮಿಟ್’ ಆಯಿತು. 1879ರ ಮೇ 14ರಂದು ‘ಲಿಯೋನಿಡಾಸ್’ ಎಂಬ ಹಡಗು ಮೊದಲ ತಂಡವನ್ನು ಕಲ್ಕತ್ತೆಯಿಂದ ತಂದಿಳಿಸಿತು. 1916ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. 1903ರಿಂದ ಮದರಾಸು ಬಂದರಿನಿಂದಲೂ ಹಡಗುಗಳು ಹೊರಟವು. ಹೀಗಾಗಿ ಫಿಜಿಯಲ್ಲಿ ಇಂದಿಗೂ ಸುಬ್ರಹ್ಮಣ್ಯನ ಗುಡಿಯಿದೆ, ರೊಟ್ಟಿ ಪಲ್ಯವಿದೆ, ಅಲ್ಲಿಯದೇ ಆದ ಒಂದು ಹಿಂದಿಯಿದೆ.

ಇಷ್ಟು ದೂರದಿಂದ ಕೂಲಿಗಳನ್ನು ತರಿಸಿದ್ದೇಕೆ? ಇದಕ್ಕೆ ಉತ್ತರ ಹಳ್ಳಿಗಳಲ್ಲೇ ಇದೆ. ಫಿಜಿಯ ದೊರೆಗಳು 1874ರ ಅಕ್ಟೋಬರ್ 10ರಂದು ತಮ್ಮ ದ್ವೀಪಗಳನ್ನು ಬ್ರಿಟಿಷ್ ರಾಣಿಗೆ ಒಪ್ಪಿಸಿದರು. ಮರುವರ್ಷ ಗವರ್ನರಾಗಿ ಬಂದ ಆರ್ಥರ್ ಗಾರ್ಡನ್ ಎರಡು ತೀರ್ಮಾನ ಮಾಡಿದ. ಮೂಲನಿವಾಸಿಗಳ ಭೂಮಿಯನ್ನು ಹೊರಗಿನವರಿಗೆ ಮಾರಕೂಡದು; ಅವರನ್ನು ಹಳ್ಳಿಗಳಿಂದ ಎಬ್ಬಿಸಿ ಕಬ್ಬಿನ ತೋಟಗಳಿಗೆ ದೂಡಕೂಡದು. ಹಾಗಾದರೆ ಕಬ್ಬು ಕಡಿಯುವವರು ಯಾರು? ಭಾರತದ ಕೂಲಿಗಳು! ಒಬ್ಬರ ಹಳ್ಳಿ ಉಳಿಯಲು ಇನ್ನೊಬ್ಬರು ತಮ್ಮ ಹಳ್ಳಿ ಬಿಟ್ಟು ಬರಬೇಕಾಯಿತು.

ಆ ತೀರ್ಮಾನದ ಫಲ ಇಂದಿಗೂ ನಿಂತಿದೆ. ದೇಶದ ಶೇಕಡ 80ಕ್ಕೂ ಹೆಚ್ಚು ಭೂಮಿ ‘ಮತಂಗಾಲಿ’ ಎಂದು ಕರೆಯುವ ಕುಲಗಳ ಹೆಸರಿನಲ್ಲಿದೆ. ಗೇಣಿಗೆ ಕೊಡಬಹುದು, ಮಾರುವಂತಿಲ್ಲ. ಹೆದ್ದಾರಿಯ ಪಕ್ಕದ ಕಬ್ಬಿನ ಗದ್ದೆಗಳಲ್ಲೂ ಎಷ್ಟೋ ಹೀಗೆ ಗೇಣಿಗೆ ಪಡೆದವೇ. ಬಸ್ಸಿನಿಂದಿಳಿದ ಪ್ರವಾಸಿ ಹಳ್ಳಿಯ ಹುಲ್ಲುಹಾಸಿನ ಮೇಲೆ ಕಾಲಿಟ್ಟರೆ ಅದು ಸರಕಾರಿ ಜಾಗವಲ್ಲ, ಸಾರ್ವಜನಿಕ ಉದ್ಯಾನವೂ ಅಲ್ಲ. ಒಂದು ಕುಲದ ಮನೆಯಂಗಳ.

ಬರೆಯುವುದೊಂದು, ಓದುವುದೊಂದು

ಬಸ್ಸಿನಲ್ಲಿ ಮಾರ್ಗದರ್ಶಿ ಮೊದಲು ಕಲಿಸುವುದು ಎರಡು ಮಾತು. ‘ಬುಲಾ’ ಎಂದರೆ ನಮಸ್ಕಾರ. ಅದರ ಮೂಲ ಅರ್ಥ ಜೀವ, ಆರೋಗ್ಯ. ‘ವಿನಾಕ’ ಎಂದರೆ ಉಪಕಾರವಾಯಿತು. ಆಮೇಲೆ ಅಕ್ಷರಗಳ ಗೊಂದಲ. 1830ರ ದಶಕದಲ್ಲಿ ಬಂದ ಮೆಥಡಿಸ್ಟ್ ಪಾದ್ರಿ ಡೇವಿಡ್ ಕಾರ್ಗಿಲ್ ಫಿಜಿ ಭಾಷೆಗೆ ರೋಮನ್ ಲಿಪಿ ಹೊಂದಿಸುವಾಗ ಒಂದು ಧ್ವನಿಗೆ ಒಂದೇ ಅಕ್ಷರವೆಂಬ ನಿಯಮ ಪಾಲಿಸಿದ. ‘ಡಿ’ ಎಂದು ಬರೆದರೆ ಅದರ ಹಿಂದೊಂದು ಅನುನಾಸಿಕ ಅಡಗಿರುತ್ತದೆ. ‘ಬಿ’ ಬರೆದರೂ ಹಾಗೆಯೇ. ವಿಮಾನ ನಿಲ್ದಾಣವಿರುವ ಊರನ್ನು ಭೂಪಟ ನೋಡಿ ನಾವು ‘ನಾಡಿ’ ಎಂದು ಓದುತ್ತೇವೆ. ಅಲ್ಲಿಯವರ ಬಾಯಲ್ಲಿ ಅದು ‘ನಂದಿ’! ಕನ್ನಡಿಗರಿಗಂತೂ ಮರೆಯಲಾಗದ ಹೆಸರು.

ಲೌಟೋಕದಿಂದ ನಂದಿಗೆ ಹೋಗುವ ದಾರಿಯಲ್ಲಿ, ಕಡಲಿನ ಮಗ್ಗುಲಲ್ಲೇ ಸಿಗುವ ಹಳ್ಳಿ ವಿಸೇಸೇ. ಪ್ರವಾಸಿ ಬಸ್ಸುಗಳು ಹೆಚ್ಚಾಗಿ ನಿಲ್ಲುವ ತಾಣಗಳಲ್ಲಿ ಇದೂ ಒಂದು. ಫಿಜಿ ಜನರ ಮೂಲಪುರುಷ ಲುತುನಸೋಬಸೋಬ ‘ಕೌನಿತೋನಿ’ ಎಂಬ ದೋಣಿಯಲ್ಲಿ ಬಂದು ಇಳಿದದ್ದು ಇಲ್ಲಿಯ ವುಂದ ತೀರದಲ್ಲಿ ಎಂಬುದು ಐತಿಹ್ಯ. ವಿಸೇಸೇ ದೇಶದ ಮೊಟ್ಟಮೊದಲ ಹಳ್ಳಿಯೆಂದು ಜನ ನಂಬುತ್ತಾರೆ. ಆ ದೋಣಿ ಆಫ್ರಿಕದಿಂದ ಹೊರಟಿತ್ತೆಂಬ ಕಥೆ ಹಬ್ಬಿದ್ದು ಮಾತ್ರ 19ನೆಯ ಶತಮಾನದ ಪಾದ್ರಿಗಳ ಶಾಲೆಗಳಿಂದ ಎಂದು ಇತಿಹಾಸಕಾರರು ಹೇಳುತ್ತಾರೆ. ಪ್ರಾಕ್ತನಶಾಸ್ತ್ರದ ಲೆಕ್ಕವೇ ಬೇರೆ. ಚುಕ್ಕಿಗಳ ಚಿತ್ತಾರವಿರುವ ಮಡಕೆಗಳನ್ನು ಮಾಡುತ್ತಿದ್ದ ಲಪೀಟ ಜನ ಪಶ್ಚಿಮದ ದ್ವೀಪಗಳಿಂದ ದೋಣಿಯೇರಿ ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಇಲ್ಲಿಗೆ ಬಂದರು. ದಾರಿ ಯಾವುದಾದರೇನು, ಬಂದದ್ದು ದೋಣಿಯಲ್ಲೇ ಎಂಬುದರಲ್ಲಿ ಐತಿಹ್ಯಕ್ಕೂ ವಿಜ್ಞಾನಕ್ಕೂ ಜಗಳವಿಲ್ಲ.

ಬೇರಿನ ಕಟ್ಟು ಮುಂದಿಟ್ಟು

ಹಳ್ಳಿಯ ಅಂಚಿನಲ್ಲಿ ಬಸ್ಸು ನಿಲ್ಲುತ್ತದೆ. ಟೋಪಿ ತೆಗೆಯಿರಿ, ಕರಿ ಕನ್ನಡಕ ತೆಗೆಯಿರಿ, ಬೆನ್ನಿಗೆ ಹಾಕಿದ ಚೀಲ ಕೈಗೆ ತೆಗೆದುಕೊಳ್ಳಿ ಎಂದು ಸೂಚನೆ. ತಲೆಯ ಮೇಲೆ ಏನನ್ನಾದರೂ ಇಟ್ಟುಕೊಂಡು ಹಳ್ಳಿ ಹೊಗುವುದು ಅಲ್ಲಿಯ ಹಿರಿಯರಿಗೆ ತೋರುವ ಅಗೌರವ. ಮಗುವೇ ಆದರೂ ಇನ್ನೊಬ್ಬರ ತಲೆ ಮುಟ್ಟುವಂತಿಲ್ಲ. ಮೊಣಕಾಲು, ಹೆಗಲು ಮುಚ್ಚಿರಬೇಕು. ಚಡ್ಡಿಯಲ್ಲಿ ಬಂದವರಿಗೆ ‘ಸುಲು’ ಎಂಬ ಬಟ್ಟೆ ಸುತ್ತಿಸುತ್ತಾರೆ. ನಮ್ಮ ಪಂಚೆಯ ಹಾಗೆಯೇ ಸೊಂಟಕ್ಕೆ ಸುತ್ತಿ ಸಿಕ್ಕಿಸುವುದು. ಗಂಡಸರಿಗೂ ಅದೇ, ಹೆಂಗಸರಿಗೂ ಅದೇ.

ಹಜಾರದಂಥ ಮನೆಯ ಹೊರಗೆ ಚಪ್ಪಲಿ ಬಿಟ್ಟು ಒಳಹೋದರೆ ನೆಲದ ತುಂಬ ಚಾಪೆ. ಕೇದಗೆಯ ಜಾತಿಯ ಗಿಡದ ಎಲೆಗಳಿಂದ ಹೆಂಗಸರು ನೇಯ್ದದ್ದು. ಎದುರಿಗೆ ಹಳ್ಳಿಯ ಮುಖ್ಯಸ್ಥ ಮತ್ತು ಹಿರಿಯರು. ಗಂಡಸರು ಚಕ್ಕಳಮಕ್ಕಳ ಹಾಕಿ ಕೂರಬೇಕು, ಹೆಂಗಸರು ಕಾಲನ್ನು ಒಂದು ಪಕ್ಕಕ್ಕೆ ಮಡಚಿಕೊಳ್ಳಬೇಕು. ಪ್ರವಾಸಿಗರ ಪರವಾಗಿ ಒಬ್ಬ ಒಣಗಿದ ಬೇರಿನ ಕಟ್ಟೊಂದನ್ನು ಹಿರಿಯರ ಮುಂದಿಡುತ್ತಾನೆ. ಇವರು ಇಂಥವರು, ಇಂಥ ಕಡೆಯಿಂದ ಬಂದವರು, ನಿಮ್ಮ ನೆಲದಲ್ಲಿ ಅಡ್ಡಾಡಲು ಅಪ್ಪಣೆ ಬೇಡುತ್ತಿದ್ದಾರೆ ಎಂದು ತಲೆತಗ್ಗಿಸಿ ಬಿನ್ನವಿಸುತ್ತಾನೆ. ಅತ್ತಲಿಂದ ಒಬ್ಬ ಆ ಕಟ್ಟನ್ನು ಮುಟ್ಟಿ ಸ್ವೀಕರಿಸಿ ಉತ್ತರ ಹೇಳುತ್ತಾನೆ. ಅಂಗೈ ಗುಳಿಮಾಡಿ ತಟ್ಟುವ ಗಂಭೀರ ಚಪ್ಪಾಳೆ ಕೇಳಿಸುತ್ತದೆ. ಈ ಆಚರಣೆಯ ಹೆಸರು ‘ಸೇವುಸೇವು’.

ಪ್ರವಾಸಿಗಳಿಗೆಂದೇ ಹುಟ್ಟಿದ ನಾಟಕ ಇದಲ್ಲ. ಫಿಜಿಯವನೇ ಆದರೂ ಬೇರೆ ಹಳ್ಳಿಗೆ ಹೋದರೆ ಸೇವುಸೇವು ಮಾಡಲೇಬೇಕು. ಬೇರಿನ ಕಟ್ಟನ್ನು ಹಳ್ಳಿ ಒಪ್ಪಿಕೊಂಡಿತೆಂದರೆ ಬಂದವನು ಅಪರಿಚಿತನಲ್ಲ, ಹಳ್ಳಿಯ ಅತಿಥಿ. ಅವನಿಗೆ ಊಟ, ನೆರಳು, ರಕ್ಷಣೆ ಕೊಡುವುದು ಹಳ್ಳಿಯ ಹೊಣೆ. ಹಳ್ಳಿಯ ಮಾತಿಗೆ ತಲೆಬಾಗಿ ನಡೆಯುವುದು ಅವನ ಹೊಣೆ. ಎರಡೂ ಕಡೆ ಕಟ್ಟಿಹಾಕುವ ಒಪ್ಪಂದವಿದು.

ವೀಳ್ಯದೆಲೆಯ ದಾಯಾದಿ

ಆ ಒಣಬೇರು ಯಾವುದು? ಫಿಜಿಯಲ್ಲಿ ‘ಯಂಗೋನ’, ಉಳಿದ ಜಗತ್ತಿಗೆ ‘ಕಾವಾ’. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಪೈಪರ್ ಮೆಥಿಸ್ಟಿಕಮ್. ಮಲೆನಾಡಿನ ಕಾಳುಮೆಣಸು ಪೈಪರ್ ನೈಗ್ರಮ್. ನಮ್ಮ ವೀಳ್ಯದೆಲೆ ಪೈಪರ್ ಬೀಟಲ್. ಮೂರೂ ಒಂದೇ ಕುಲದ ಸಸ್ಯಗಳು! ಎಲೆ ಅಡಿಕೆ ಕೊಟ್ಟು ಮಾತು ಗಟ್ಟಿಮಾಡಿಕೊಳ್ಳುವ ನಾಡಿನವರಿಗೆ, ಬೇರು ಕೊಟ್ಟು ಅಪ್ಪಣೆ ಪಡೆಯುವ ಈ ಪದ್ಧತಿ ಬಹಳ ಪರಕೀಯವೇನೂ ಅನಿಸಲಿಕ್ಕಿಲ್ಲ.

ಬೇರನ್ನು ಕುಟ್ಟಿ ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ, ‘ತಾನೋವ’ ಎಂಬ ಕಾಲುಗಳಿರುವ ಮರದ ದೊಡ್ಡ ಬೋಗುಣಿಯಲ್ಲಿ ನೀರು ಬೆರೆಸಿ ಹಿಂಡುತ್ತಾರೆ. ರಾಡಿನೀರಿನ ಬಣ್ಣ. ತೆಂಗಿನ ಕರಟದಲ್ಲಿ ತುಂಬಿ ಒಬ್ಬೊಬ್ಬರಿಗೇ ಕೊಡುತ್ತಾರೆ. ಒಂದು ಚಪ್ಪಾಳೆ ತಟ್ಟಿ ‘ಬುಲಾ’ ಎಂದು ಕರಟ ತೆಗೆದುಕೊಂಡು ಒಂದೇ ಗುಕ್ಕಿನಲ್ಲಿ ಕುಡಿಯಬೇಕು. ಕರಟ ಹಿಂತಿರುಗಿಸಿ ಮೂರು ಚಪ್ಪಾಳೆ. ರುಚಿ ಎಂದರೆ ಮಣ್ಣಿನ ರುಚಿ, ಕೊನೆಗೊಂದಿಷ್ಟು ಕಹಿ. ಸ್ವಲ್ಪ ಹೊತ್ತಿಗೆ ತುಟಿ ನಾಲಿಗೆ ಜೋಮು ಹಿಡಿಯುತ್ತವೆ, ಮೈ ಸಡಿಲಾಗುತ್ತದೆ. ಹೆಂಡದ ಅಮಲಲ್ಲ, ಗದ್ದಲವಿಲ್ಲ, ಜಗಳವಿಲ್ಲ. ಹಳ್ಳಿಯ ವ್ಯಾಜ್ಯ ತೀರಿಸುವಾಗ, ಮದುವೆ ಮಾತು ಆಡುವಾಗ, ಸಾವಿನ ಮನೆಯಲ್ಲಿ, ಎಲ್ಲೆಲ್ಲೂ ತಾನೋವದ ಸುತ್ತ ಕೂತೇ ಮಾತು. ಗಿರಮಿಟಿಯರ ಮಕ್ಕಳೂ ಈ ಅಭ್ಯಾಸ ಹಿಡಿದರು. ಜನಾಂಗಗಳ ನಡುವಿನ ರಾಜಕೀಯ ಎಷ್ಟೇ ಕಹಿಯಾದರೂ, ಒಂದೇ ಬೋಗುಣಿಯಿಂದ ಕುಡಿಯುವುದು ನಿಂತಿಲ್ಲ.

ಆ ಕಹಿಯ ಕಥೆಗೂ ವಿಸೇಸೇಗೂ ನಂಟಿದೆ. 1987ರ ಏಪ್ರಿಲ್‌ನಲ್ಲಿ ಪ್ರಧಾನಿಯಾದ ಡಾ. ತಿಮೋಥಿ ಬವಾಂದ್ರ ಈ ಊರಿನವರು. ಸ್ವತಃ ಮೂಲನಿವಾಸಿಯಾದ ಅವರಿಗೆ ಭಾರತೀಯ ಮೂಲದ ಮತದಾರರ ದೊಡ್ಡ ಬೆಂಬಲವಿತ್ತು. ಒಂದೇ ತಿಂಗಳಲ್ಲಿ, ಮೇ 14ರಂದು, ಕರ್ನಲ್ ಸಿತಿವೇನಿ ರಂಬೂಕ ಸೇನೆಯೊಡನೆ ಬಂದು ಅವರ ಸರಕಾರವನ್ನು ಉರುಳಿಸಿದರು. ಲಿಯೋನಿಡಾಸ್ ಬಂದು ಸರಿಯಾಗಿ 108 ವರ್ಷ ತುಂಬಿದ ದಿನವದು. ಆಮೇಲೆ ಸಾವಿರಾರು ಭಾರತೀಯ ಕುಟುಂಬಗಳು ದೇಶ ಬಿಟ್ಟವು. ಒಂದು ಕಾಲಕ್ಕೆ ಜನಸಂಖ್ಯೆಯ ಅರ್ಧದಷ್ಟಿದ್ದವರು 2007ರ ಜನಗಣತಿಯ ಹೊತ್ತಿಗೆ ಶೇಕಡ 37ರಷ್ಟಿದ್ದರು.

ಕಲ್ಲಿನ ಒಲೆ, ಕೂತು ಕುಣಿವ ಕುಣಿತ

ಅಪ್ಪಣೆ ಸಿಕ್ಕ ಮೇಲೆ ಹಳ್ಳಿ ಸುತ್ತಾಟ. ಹುಲ್ಲು ಹೊದೆಸಿದ ಗುಡಿಸಲುಗಳನ್ನೇ ನಿರೀಕ್ಷಿಸಿ ಬಂದವರಿಗೆ ತುಸು ನಿರಾಸೆ. ‘ಬುರೆ’ ಎಂಬ ಹುಲ್ಲಿನ ಮನೆ ಅಪರೂಪ. ಸಾಲು ಸಾಲು ಬುರೆಗಳನ್ನು ನೋಡಬೇಕೆಂದರೆ ಬಾ ಸೀಮೆಯ ಬೆಟ್ಟಗಳೊಳಗಿನ ನವಾಲ ಹಳ್ಳಿಗೆ ಹೋಗಬೇಕು. ಇಲ್ಲಿರುವುದು ಹೆಚ್ಚಾಗಿ ಸಿಮೆಂಟಿನ ಗೋಡೆ, ತಗಡಿನ ಸೂರು, ಕಿಟಕಿಗೆ ಹೂವಿನ ಪರದೆ. ನಡುವೆ ಮೆಥಡಿಸ್ಟ್ ಇಗರ್ಜಿ. ಮಕ್ಕಳು ರಗ್ಬಿ ಚೆಂಡಿನ ಹಿಂದೆ ಓಡುತ್ತಿರುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಏಳಾಳಿನ ರಗ್ಬಿಯಲ್ಲಿ ಚಿನ್ನ ಗೆದ್ದದ್ದು ಫಿಜಿಗೆ ದಕ್ಕಿದ ಮೊದಲ ಒಲಿಂಪಿಕ್ ಪದಕ. ಆ ಆಟಗಾರರಲ್ಲಿ ಅನೇಕರು ಇಂಥ ಹಳ್ಳಿಯ ಹುಡುಗರೇ.

ಮಧ್ಯಾಹ್ನದ ಊಟ ‘ಲೋವೊ’ದ್ದು. ನೆಲದಲ್ಲಿ ಗುಂಡಿ ತೋಡಿ, ಸೌದೆ ಉರಿಸಿ, ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಅದರ ಮೇಲೆ ಎಲೆಗಳಲ್ಲಿ ಸುತ್ತಿದ ಮೀನು, ಕೋಳಿ, ಕೆಸುವಿನ ಗೆಡ್ಡೆ, ಮರಗೆಣಸು ಇಟ್ಟು, ಬಾಳೆಲೆ ಮುಚ್ಚಿ, ಮೇಲೆ ಮಣ್ಣೆಳೆಯುತ್ತಾರೆ. ಎರಡು ಮೂರು ಗಂಟೆಯಲ್ಲಿ ಹೊಗೆಯ ಕಂಪು ಹೊತ್ತ ಊಟ ಸಿದ್ಧ. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು, ಈರುಳ್ಳಿ ಸುತ್ತಿ ಬೇಯಿಸಿದ ‘ಪಲುಸಾಮಿ’ ಎಂಬ ತಿನಿಸುಂಟು. ಪತ್ರೊಡೆ ತಿಂದು ಬೆಳೆದ ಕರಾವಳಿಯವರು ಇದಕ್ಕೆ ಒಗ್ಗಿಕೊಳ್ಳಲು ಹೊತ್ತು ಹಿಡಿಯಲಾರದು.

ಊಟದ ನಂತರ ‘ಮೆಕೆ’. ಹೆಸರು ಕೇಳಿ ನಗಬೇಡಿ, ಇದಕ್ಕೂ ಆಡಿಗೂ ಸಂಬಂಧವಿಲ್ಲ. ಮೆಕೆ ಎಂದರೆ ಹಾಡು ಕುಣಿತ ಎರಡೂ ಬೆರೆತದ್ದು. ಗಂಡಸರು ಈಟಿ, ಗದೆ ಹಿಡಿದು ನೆಲ ನಡುಗಿಸುತ್ತಾರೆ. ಹೆಂಗಸರು ಸಾಲಾಗಿ ಕೂತಲ್ಲೇ ತಲೆ, ತೋಳು, ಬೆರಳುಗಳಿಂದ ಕುಣಿಯುವ ಬಗೆಯೊಂದಿದೆ. ಮರದ ದಿಮ್ಮಿ ಕೊರೆದು ಮಾಡಿದ ‘ಲಾಲಿ’ ಡೋಲು ಜೊತೆಗೆ. ಲಿಪಿಯಿಲ್ಲದ ಕಾಲದಲ್ಲಿ ಯುದ್ಧ, ವಂಶಾವಳಿ, ಬಿರುಗಾಳಿ ಎಲ್ಲವನ್ನೂ ಕಾಪಿಟ್ಟದ್ದು ಈ ಹಾಡುಗಳೇ. ಪ್ರವಾಸಿಗರು ನೋಡುವುದು ಮನರಂಜನೆ. ಹಳ್ಳಿಯವರು ಹಾಡುತ್ತಿರುವುದು ಮನೆಯ ದಫ್ತರ.

ಮಾರುವುದೆಷ್ಟು, ಉಳಿಸಿಕೊಳ್ಳುವುದೆಷ್ಟು?

ಹೊರಡುವ ಮುನ್ನ ವ್ಯಾಪಾರ. ಮರದಡಿ ಚಾಪೆ ಹಾಸಿ ಹೆಂಗಸರು ಚಿಪ್ಪಿನ ಸರ, ಬೀಸಣಿಗೆ, ಕೆತ್ತಿದ ಬೋಗುಣಿಗಳನ್ನು ಹರಡಿರುತ್ತಾರೆ. ನಾಲ್ಕು ಮುಳ್ಳಿನ ಮರದ ಚಮಚವೊಂದು ಬಿಸಿಬಿಸಿಯಾಗಿ ಖರ್ಚಾಗುತ್ತದೆ: ‘ನರಭಕ್ಷಕರ ಫೋರ್ಕು’! ಹಿಂದೆ ಫಿಜಿಯಲ್ಲಿ ಶತ್ರುಗಳ ಮಾಂಸ ತಿನ್ನುತ್ತಿದ್ದದ್ದು ನಿಜ. ಒಳನಾಡಿನ ನಬುತೌತೌ ಹಳ್ಳಿಯಲ್ಲಿ 1867ರಲ್ಲಿ ಪಾದ್ರಿ ಥಾಮಸ್ ಬೇಕರ್ ಅವರನ್ನು ಕೊಂದು ತಿಂದರು. ಅವರ ಬೂಟಿನ ಅಟ್ಟೆ ಸುವ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಥೆಯ ಉಳಿದರ್ಧ ಫೋರ್ಕು ಕೊಂಡವರಿಗೆ ತಿಳಿದಿರುವುದಿಲ್ಲ. 2003ರಲ್ಲಿ ಆ ಹಳ್ಳಿಯವರು ಬೇಕರ್ ವಂಶಸ್ಥರನ್ನು ಕರೆಸಿಕೊಂಡು, ಶಾಸ್ತ್ರೋಕ್ತವಾಗಿ ಕಾಣಿಕೆಯಿಟ್ಟು ಕ್ಷಮೆ ಕೇಳಿದರು. ಹಿರಿಯರ ತಪ್ಪಿಗೆ ನಾಲ್ಕೈದು ತಲೆಮಾರಿನ ಮೇಲೂ ಊರಿಗೆ ಊರೇ ತಲೆಬಾಗಿದ್ದು ಯಾವ ಅಂಗಡಿಯಲ್ಲೂ ಮಾರಾಟಕ್ಕೆ ಸಿಗುವುದಿಲ್ಲ.

ಇಲ್ಲೇ ಇರುವುದು ಹಳ್ಳಿಯ ಇಕ್ಕಟ್ಟು. ಹಡಗಿನವರು ಉಣ್ಣುವುದು, ಮಲಗುವುದು, ಕುಡಿಯುವುದು ಎಲ್ಲ ಹಡಗಿನಲ್ಲೇ. ಹೋಟೆಲಿನಲ್ಲಿ ವಾರ ತಂಗುವ ಪ್ರವಾಸಿಯಷ್ಟು ಅವರು ಖರ್ಚು ಮಾಡುವುದಿಲ್ಲ. ಭೇಟಿಯ ಟಿಕೆಟ್ಟಿನ ಹಣ ಹಡಗು ಕಂಪನಿ, ಬಸ್ಸಿನವರು, ಏಜೆಂಟರ ಕೈದಾಟಿ ಹಳ್ಳಿಗೆ ಬರಬೇಕು. ಹಾಗೆಂದು ಹಳ್ಳಿಗೆ ಅದು ಬೇಡವೇ? ಬೇಕು. ಹೊಲದ ಕೆಸುವು ಹೊಟ್ಟೆ ತುಂಬಿಸುತ್ತದೆ. ಶಾಲೆಯ ಫೀಜು, ಆಸ್ಪತ್ರೆಯ ಬಸ್‌ಚಾರ್ಜಿಗೆ ನಗದು ಬೇಕು. ಆದರೆ ದಿನವೂ ಮೂರು ಬಸ್ಸು ಬಂದರೆ ದಿನಕ್ಕೆ ಮೂರು ಸೇವುಸೇವು. ಮೂರನೆಯದರಲ್ಲಿ ಹಿರಿಯನ ಮಾತಿಗೆ ಮೊದಲನೆಯದರ ತೂಕ ಉಳಿದೀತೆ?

ಈ ಚಿತ್ತಾರ, ಈ ಆಚಾರ ಯಾರ ಆಸ್ತಿ ಎಂಬ ಪ್ರಶ್ನೆಯೂ ಎದ್ದದ್ದುಂಟು. ಮರದ ತೊಗಟೆಯನ್ನು ಬಡಿದು ಹಿಗ್ಗಿಸಿ, ಕಂದು ಕಪ್ಪು ಬಣ್ಣದಲ್ಲಿ ಅಚ್ಚುಹಾಕುವ ‘ಮಾಸಿ’ ಬಟ್ಟೆ ಫಿಜಿಯ ಹೆಂಗಸರ ಕಲೆ. ದೇಶದ ವಿಮಾನ ಸಂಸ್ಥೆ 2013ರಲ್ಲಿ ‘ಫಿಜಿ ಏರ್‌ವೇಸ್’ ಎಂದು ಹೊಸ ಹೆಸರು ತಳೆದಾಗ ವಿಮಾನಗಳ ಮೇಲೆ ಮಾಸಿ ಚಿತ್ತಾರ ಬರೆಸಿತು. ಅಲ್ಲಿಯವರೆಗೆ ಎಲ್ಲರಿಗೂ ಸಂತೋಷವೇ. ಆ ಚಿತ್ತಾರಗಳನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟಾಗ ಮಾತ್ರ ಕಲಾವಿದರು, ಹಳ್ಳಿಗರು ಎದ್ದುನಿಂತರು. ಅಜ್ಜಿಯರು ಕಲಿಸಿದ ಗೆರೆಗೆ ಒಬ್ಬನೇ ಯಜಮಾನ ಹೇಗಾದಾನು ಎಂಬುದು ಅವರ ಪ್ರಶ್ನೆ.

ಹಡಗುಗಳು ತಂದದ್ದು

ಹಳ್ಳಿಗರು ಬಂದವರನ್ನು ವಿಚಾರಿಸಿಯೇ ಒಳಬಿಟ್ಟುಕೊಳ್ಳುವುದಕ್ಕೆ ಇತಿಹಾಸವೂ ಕಾರಣ ಕೊಡುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಹಡಗುಗಳು ಶ್ರೀಗಂಧಕ್ಕಾಗಿ ಬಂದವು. ನಮ್ಮ ಗಂಧದ ಮರದ ಹತ್ತಿರದ ಸಂಬಂಧಿಯೊಂದು ಅಲ್ಲಿ ‘ಯಾಸಿ’ ಎಂಬ ಹೆಸರಿನಲ್ಲಿ ಬೆಳೆಯುತ್ತದೆ. ಹತ್ತೇ ವರ್ಷಗಳಲ್ಲಿ ಕಡಿದು ಮುಗಿಸಿ ಹೊರಟುಹೋದರು. ಗಂಧದ ಕಳ್ಳರ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1875ರಲ್ಲಿ ದೊರೆ ಥಾಕೊಂಬಾವು ಸಿಡ್ನಿಯಿಂದ ಬ್ರಿಟಿಷ್ ಯುದ್ಧನೌಕೆಯಲ್ಲಿ ಮರಳಿದಾಗ ಜೊತೆಗೆ ದಡಾರವೂ ಬಂದಿಳಿಯಿತು. ಕೆಲವೇ ತಿಂಗಳಲ್ಲಿ ಸುಮಾರು 40 ಸಾವಿರ ಜನ ಸತ್ತರು. ಹಳ್ಳಿಗೆ ಹಳ್ಳಿಗಳೇ ಬರಿದಾದವು.

2020ರ ಮಾರ್ಚಿಯಲ್ಲಿ ಕೊರೊನಾ ಬಂದಾಗ ಫಿಜಿ ಬಂದರುಗಳನ್ನು ಮುಚ್ಚಿತು. ಪ್ರವಾಸಿಗರಿಗೆ ಗಡಿ ಮತ್ತೆ ತೆರೆದದ್ದು 2021ರ ಡಿಸೆಂಬರ್ 1ರಂದು. ಅಷ್ಟು ಕಾಲ ಹೋಟೆಲುಗಳ ಕೆಲಸ ಕಳೆದುಕೊಂಡವರಲ್ಲಿ ಅನೇಕರು ಹೋದದ್ದು ತಮ್ಮ ಹಳ್ಳಿಗಳಿಗೇ. ಮಾರಲಾಗದ ಕುಲದ ಭೂಮಿ ಅಲ್ಲಿತ್ತು. ಕೆಸುವು, ಮರಗೆಣಸು ನೆಟ್ಟರು, ಕಡಲಿಗೆ ಬಲೆ ಬೀಸಿದರು. ಪ್ರವಾಸಿ ಇಲ್ಲದಿದ್ದರೂ ಹಳ್ಳಿ ನಡೆಯಿತು.

ಆದರೆ ಕಡಲೇ ಏರಿ ಬಂದರೆ? 2014ರಲ್ಲಿ ವನುವ ಲೆವು ದ್ವೀಪದ ವುನಿಂದೊಂಗೊಲೋವ ಎಂಬ ಹಳ್ಳಿ, ಉಪ್ಪುನೀರು ಮನೆಯೊಳಗೆ ನುಗ್ಗತೊಡಗಿದ್ದರಿಂದ, ಒಳನಾಡಿಗೆ ಎರಡು ಕಿಲೋಮೀಟರಿನಷ್ಟು ಸರಿದು ಹೊಸದಾಗಿ ನೆಲೆಸಿತು. 2016ರ ಫೆಬ್ರುವರಿಯಲ್ಲಿ ಬಡಿದ ವಿನ್‌ಸ್ಟನ್ ಚಂಡಮಾರುತ 44 ಜನರನ್ನು ಬಲಿ ತೆಗೆದುಕೊಂಡಿತು. ಹೊಸ ಜಾಗದಲ್ಲಿ ಮನೆ ಕಟ್ಟಿಕೊಳ್ಳಬಹುದು. ಹಿರಿಯರ ಸಮಾಧಿಗಳನ್ನು ಬಿಟ್ಟುಬರುವ ಸಂಕಟಕ್ಕೆ ಪರಿಹಾರವೆಲ್ಲಿ?

ಫಿಜಿ ಭಾಷೆಯಲ್ಲಿ ‘ವನುವ’ ಎಂಬ ಒಂದು ಮಾತಿದೆ. ಅದರ ಅರ್ಥ ನೆಲ. ಆ ನೆಲದ ಜನ ಎಂದೂ ಹೌದು, ಅವರ ನಡೆನುಡಿ ಎಂದೂ ಹೌದು. ಮೂರನ್ನೂ ಬಿಡಿಸಿ ಹೇಳಲು ಬೇರೆ ಬೇರೆ ಮಾತು ಬೇಕೆಂದು ಅಲ್ಲಿಯವರಿಗೆ ಅನಿಸಿಲ್ಲ. ಒಂದು ಹಗಲಿನ ನೆಂಟ ಇದನ್ನೆಲ್ಲ ಪೂರ್ತಿ ಅರಿಯಲಾರ, ಅರಿಯಬೇಕೆಂದು ಹಳ್ಳಿಯೂ ಬಯಸುವುದಿಲ್ಲ. ಟೋಪಿ ತೆಗೆದು, ಚಪ್ಪಲಿ ಬಿಟ್ಟು, ಅಪ್ಪಣೆ ಕೇಳಿ, ಕರಟದಲ್ಲಿ ಕೊಟ್ಟದ್ದನ್ನು ಮುಖ ಸಿಂಡರಿಸದೆ ಕುಡಿದರೆ ಸಾಕು ಎಂಬಷ್ಟೇ ಅದರ ನಿರೀಕ್ಷೆ. ಗಂಧ ಕಡಿಯಲು ಬಂದವರು ಅಷ್ಟನ್ನೂ ಮಾಡಿರಲಿಲ್ಲ.